ಮಲ್ಲಿಗೆ ಯಾಕೆ ಸಂಜೆಗೇ ಘಮ್ಮೆನ್ನುತ್ತದೆ?

ಮುಂಬೈಯ ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಹೂವಿನ ಅಂಗಡಿಗಳು ಸಿಗುತ್ತವೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಲ್ಲಿ ಮಲ್ಲಿಗೆ ಕೊಳ್ಳುವವರಲ್ಲಿ ಎರಡು ಜಾತಿ. ದಂಡೆಯನ್ನು ಮೂಗಿಗೆ ಹಿಡಿದು "ಪರಿಮಳವೇ ಇಲ್ಲವಲ್ಲ" ಎಂದು ಮುಖ ಸಿಂಡರಿಸುವವರು ಒಂದು ಜಾತಿ. ಮೂಸುವ ಗೋಜಿಗೇ ಹೋಗದೆ, ಮೊಗ್ಗು ಬಿಗಿಯಾಗಿದೆಯಾ, ತೊಟ್ಟು ಹಸಿರಾಗಿದೆಯಾ ಎಂದಷ್ಟೇ ನೋಡಿ ಚೀಲಕ್ಕೆ ಹಾಕಿಕೊಳ್ಳುವವರು ಇನ್ನೊಂದು. ಉಡುಪಿ ಕಡೆಯ ಹೆಂಗಸರೆಲ್ಲ ಎರಡನೇ ಜಾತಿ. ಅವರಿಗೆ ಗೊತ್ತು, ಈಗ ಪರಿಮಳ ಇದ್ದರೆ ರಾತ್ರಿ ಪೂಜೆ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಬೆಳಗಾಗುತ್ತಲೇ ಮೊಗ್ಗು ಕೊಯ್ಯುತ್ತಾರೆ. ಮನೆಮಂದಿಯೆಲ್ಲ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂ. ಕಟ್ಟುವ ಹೊತ್ತಿಗೆ ಅದರಲ್ಲಿ ಒಂದೂ ಅರಳಿರುವುದಿಲ್ಲ. ಗಿಡದಿಂದ ಬಿಡಿಸಿ, ನಾರಿನಲ್ಲಿ ಬಿಗಿದು, ಬುಟ್ಟಿಯಲ್ಲಿ ತುಂಬಿ ಎಲ್ಲೆಲ್ಲಿಗೋ ಕಳಿಸಿದರೂ ಸಂಜೆಯಾದ ಕೂಡಲೇ ಅರಳಿ ಘಮ್ಮೆನ್ನುತ್ತವೆ. ಬೇರಿಲ್ಲ, ಎಲೆಯಿಲ್ಲ, ನೀರಿಲ್ಲ. ಆದರೂ ಹೊತ್ತು ತಪ್ಪುವುದಿಲ್ಲ!

ಇದನ್ನು ನಾನು ಬಹಳ ವರ್ಷ ಸಹಜ ಎಂದುಕೊಂಡಿದ್ದೆ. ಯೋಚಿಸುತ್ತ ಹೋದರೆ ಇದು ಸ್ವಲ್ಪ ವಿಚಿತ್ರವೇ. ಪರಿಮಳ ಎಂದರೆ ಹೂವಿನಿಂದ ಆವಿಯಾಗಿ ಹಾರಿ ಬರುವ ಸಣ್ಣ ಸಣ್ಣ ಅಣುಗಳು. ಬಿಸಿ ಜಾಸ್ತಿಯಾದಷ್ಟೂ ಆವಿಯಾಗುವುದು ಜಾಸ್ತಿ. ಆ ಲೆಕ್ಕದಲ್ಲಿ ಮುಂಬೈಯ ಮೇ ತಿಂಗಳ ನಡು ಮಧ್ಯಾಹ್ನ ಮಲ್ಲಿಗೆ ಗಿಡದ ಪಕ್ಕ ನಿಲ್ಲಲಿಕ್ಕೇ ಆಗಬಾರದು, ಅಷ್ಟು ಪರಿಮಳ ಬರಬೇಕು. ಬರುವುದಿಲ್ಲ. ಯಾಕೆಂದರೆ ಆಗ ಹಾರಿಹೋಗುವುದಕ್ಕೆ ಹೂವಿನಲ್ಲಿ ಅಂಥದ್ದೇನೂ ತಯಾರಾಗಿರುವುದಿಲ್ಲ.

ಅತ್ತರಿನ ಬಾಟಲಿ ನೋಡಿ ನೋಡಿ ನಮಗೆ ಹೂವಿನೊಳಗೂ ಪರಿಮಳ ತುಂಬಿಟ್ಟಿರುತ್ತದೆ ಎಂಬ ಕಲ್ಪನೆ. ಮಲ್ಲಿಗೆಯಂಥ ಹೂಗಳು ನಡೆಯುವ ರೀತಿ ಉಡುಪಿ ಹೋಟೆಲಿನ ಅಡುಗೆಮನೆಯದ್ದು. ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿ, ತಣ್ಣಗಿರುತ್ತದೆ. ಆದರೆ ಹಿಂದುಗಡೆ ಹಿಟ್ಟು ರುಬ್ಬುವುದು, ಆಲೂಗಡ್ಡೆ ಬೇಯಿಸುವುದು ನಡೆದಿರುತ್ತದೆ. ಐದಕ್ಕೆ ಕಾವಲಿಗೆ ನೀರು ಚಿಮುಕಿಸುವ ಹೊತ್ತಿಗೆ ಎಲ್ಲ ಸಿದ್ಧ. ದೋಸೆಯನ್ನು ಬೆಳಿಗ್ಗೆಯೇ ಹೊಯ್ದು ಇಟ್ಟುಕೊಳ್ಳುವ ಭಟ್ರನ್ನು ನೀವು ನೋಡಿದ್ದೀರಾ?

ಈ ಅಡುಗೆಮನೆಯ ಗುಟ್ಟನ್ನು ವಿಜ್ಞಾನಿಗಳು ಚೆನ್ನಾಗಿ ಬಿಡಿಸಿದ್ದು ಪೆಟೂನಿಯಾ ಹೂವಿನಲ್ಲಿ. ಚಳಿಗಾಲದಲ್ಲಿ ಮುಂಬೈಯ ನರ್ಸರಿಗಳಲ್ಲಿ ಸಾಲಾಗಿ ಜೋಡಿಸಿಡುತ್ತಾರಲ್ಲ, ಅದೇ ತುತ್ತೂರಿ ಹೂ. ಅದು ಫಿನೈಲ್‌ಅಲನೈನ್ ಎಂಬ ಅಮೈನೋ ಆಸಿಡ್ಡಿನಿಂದ ಪರಿಮಳದ ಅಣುಗಳನ್ನು ಮಾಡಿಕೊಳ್ಳುತ್ತದೆ. ಆ ಕೆಲಸ ಶುರು ಮಾಡಿಸುವ ಒಂದು ಜೀನ್ ಇದೆ, ಹೆಸರು ಓಡೊರಂಟ್1. 2015ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತೋರಿಸಿದ್ದು, ಆ ಜೀನಿನ ಮೇಲೆ ಗಿಡದ ಒಳಗಡಿಯಾರದ ಹಿಡಿತ ಇದೆ ಎಂದು. ಎಲ್‌ಎಚ್‌ವೈ ಎಂಬ ಗಡಿಯಾರದ ಪ್ರೊಟೀನ್ ಬೆಳಿಗ್ಗೆ ಜಾಸ್ತಿ ಇರುತ್ತದೆ. ಇರುವಷ್ಟು ಹೊತ್ತು ಅದು ಓಡೊರಂಟ್1 ಅನ್ನು ಅದುಮಿ ಹಿಡಿಯುತ್ತದೆ. ಹೊತ್ತು ಇಳಿದಂತೆ ಅದೂ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಪರಿಮಳದ ಕೆಲಸ ಶುರು. ಅವರು ಎಲ್‌ಎಚ್‌ವೈ ಸದಾ ಜಾಸ್ತಿಯೇ ಇರುವಂಥ ಗಿಡ ಮಾಡಿ ನೋಡಿದರು. ಹೂ ಬಿಟ್ಟಿತು, ಪರಿಮಳ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ತಗ್ಗಿಸಿದ ಗಿಡಗಳು ಹೊತ್ತಿಗೆ ಮುಂಚೆಯೇ ಪರಿಮಳ ಬಿಟ್ಟವು.

ತಯಾರಾದ ಪರಿಮಳ ಸುಮ್ನೆ ತಾನಾಗಿ ಸೋರಿ ಹೊರಬರುತ್ತದೆ ಎಂದು ಬಹಳ ಕಾಲ ನಂಬಿದ್ದರು. 2017ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ನತಾಲಿಯಾ ದುದರೇವಾ ಅವರ ತಂಡ ಅದೂ ಪೂರ್ತಿ ನಿಜವಲ್ಲ ಎಂದು ತೋರಿಸಿತು. ಎಸಳಿನ ಜೀವಕೋಶದ ಪೊರೆಯಲ್ಲಿ ಒಂದು ಪ್ರೊಟೀನ್ ಇದ್ದು, ಅದು ಶಕ್ತಿ ಖರ್ಚು ಮಾಡಿ ಈ ಅಣುಗಳನ್ನು ಹೊರಗೆ ದಾಟಿಸುತ್ತದೆ. ಮಾಡಲಿಕ್ಕೂ ಖರ್ಚು, ಹೊರಗೆ ಕಳಿಸಲಿಕ್ಕೂ ಖರ್ಚು. ಇಷ್ಟು ದುಬಾರಿ ಮಾಲನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಾರು ಹರಡಿಕೊಂಡು ಕೂರುತ್ತಾರೆ?

ರಾತ್ರಿರಾಣಿಯಂತೂ ಇನ್ನೂ ಹಟದ ಗಿಡ. 1960ರಷ್ಟು ಹಿಂದೆಯೇ ಅದರ ಮೇಲೆ ಪ್ರಯೋಗ ನಡೆದಿತ್ತು. ಹೊರಗೆ ಹಗಲೋ ರಾತ್ರಿಯೋ ಎಂಬ ಸುಳಿವು ಸಿಗದಂತೆ ಇಟ್ಟರೂ ಹೂ ತೆರೆಯುವುದು, ಪರಿಮಳ ಬಿಡುವುದು ಒಂದು ಲಯದಲ್ಲಿ ನಡೆದೇ ಇತ್ತು. ಕತ್ತಲೆ ನೋಡಿ ಪರಿಮಳ ಬಿಡುವುದಾಗಿದ್ದರೆ ಬುಟ್ಟಿಯಲ್ಲಿ ಮುಚ್ಚಿಟ್ಟ ನಮ್ಮ ಮಲ್ಲಿಗೆ ಮೊಗ್ಗು ಹಗಲಿಡೀ ಗೊಂದಲದಲ್ಲಿ ಇರಬೇಕಿತ್ತು, ಅಲ್ವಾ?

ಕೊಯ್ದ ಮೇಲೂ ಕೆಲಸ ನಡೆಯುತ್ತದೆ ಎಂಬುದನ್ನು ಪರಿಮಳದ ಕಸುಬಿನವರು ವಿಜ್ಞಾನಕ್ಕಿಂತ ಮೊದಲೇ ಹಿಡಿದಿದ್ದರು. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಗಾಜಿನ ಹಲಗೆಗೆ ಕೊಬ್ಬು ಬಳಿದು ಅದರ ಮೇಲೆ ಮಲ್ಲಿಗೆ, ಸುಗಂಧರಾಜ ಹರಡಿ ಇಡುತ್ತಿದ್ದರು. ಹೂ ಪರಿಮಳ ಬಿಡುತ್ತಾ ಹೋದಂತೆ ಕೊಬ್ಬು ಅದನ್ನು ಹೀರಿಕೊಳ್ಳುತ್ತಿತ್ತು. ಉತ್ತರಪ್ರದೇಶದ ಜೌನ್‌ಪುರದಲ್ಲಿ ಅದೇ ಕೆಲಸವನ್ನು ಎಳ್ಳಿನಿಂದ ಮಾಡಿಸಿದರು. ಒಂದು ಪದರ ಎಳ್ಳು, ಒಂದು ಪದರ ಹೂ. ಆಮೇಲೆ ಆ ಎಳ್ಳನ್ನೇ ಗಾಣಕ್ಕೆ ಹಾಕಿದರೆ ಪರಿಮಳದ ಎಣ್ಣೆ. ಚೀನಾದವರು ಮಲ್ಲಿಗೆ ಚಹಾ ಮಾಡುವುದೂ ಹೀಗೆಯೇ. ಹಗಲು ಮೊಗ್ಗು ಕೊಯ್ದು, ರಾತ್ರಿ ಅರಳುವ ಹೊತ್ತಿಗೆ ಚಹಾ ಎಲೆಯ ಜೊತೆ ಬೆರೆಸಿಡುತ್ತಾರೆ. ಅಲ್ಲಿ ಮಲ್ಲಿಗೆ ಚಹಾ ಎಂದರೆ ರಾತ್ರಿ ನಿದ್ದೆಗೆಡುವ ಕೆಲಸ.

ಹಾಗಂತ ಎಲ್ಲ ಹೂಗಳೂ ಸಂಜೆಯವಲ್ಲ. ಗುಲಾಬಿ ಹಗಲಿನದ್ದು. ಅತ್ತರಿಗೆ ಬೇಕಾದ ಗುಲಾಬಿಯನ್ನು ಬೆಳಗಿನ ಜಾವ, ಬಿಸಿಲೇರಿ ಎಣ್ಣೆ ಹಾರಿಹೋಗುವ ಮೊದಲು ಕೊಯ್ಯುತ್ತಾರೆ. ನಮ್ಮ ತೋಟಗಳಲ್ಲಿ ಬೆಳೆಸುವ ಸ್ನಾಪ್‌ಡ್ರಾಗನ್ ಕೂಡ ಹಗಲಲ್ಲೇ ಪರಿಮಳ ಬಿಡುವ ಹೂ, ಅದರ ಗಿರಾಕಿ ದುಂಬಿ. ದುಂಬಿ, ಜೇನು ಹಗಲು ತಿರುಗುತ್ತವೆ, ಬಣ್ಣ ನೋಡುತ್ತವೆ. ರಾತ್ರಿ ತಿರುಗುವುದು ಪತಂಗ. ಕತ್ತಲಲ್ಲಿ ಕೆಂಪಿದ್ದರೇನು ನೇರಳೆ ಇದ್ದರೇನು? ಅದಕ್ಕೇ ಮಲ್ಲಿಗೆ, ಪಾರಿಜಾತ, ಸುಗಂಧರಾಜ, ಬ್ರಹ್ಮಕಮಲ, ಆಕಾಶಮಲ್ಲಿಗೆ ಎಲ್ಲ ಬಿಳಿ ಅಥವಾ ಬಿಳಿಯ ಹತ್ತಿರದ ಬಣ್ಣ. ಬಣ್ಣದಲ್ಲಿ ಉಳಿಸಿದ್ದನ್ನು ಪರಿಮಳಕ್ಕೆ ಹಾಕಿದ ಹಾಗಿದೆ.

ಸಂಜೆಮಲ್ಲಿಗೆಯನ್ನು ಮಾತ್ರ ಈ ಲೆಕ್ಕಕ್ಕೆ ಕೂರಿಸುವುದು ಕಷ್ಟ. ರಾಣಿ ಬಣ್ಣ, ಹಳದಿ, ಒಂದೇ ಗಿಡದಲ್ಲಿ ಎರಡೂ ಬಣ್ಣ. ಮುಲುಂಡಿನ ನಮ್ಮ ಬಾಲ್ಕನಿಯಲ್ಲಿ ಹಳೇ ಪೇಂಟ್ ಡಬ್ಬಿಯಲ್ಲಿ ಒಂದು ಇದೆ. ಇಲ್ಲಿ ಎಲ್ಲರೂ ಗುಲ್ಬಕ್ಷಿ ಎನ್ನುತ್ತಾರೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ತಿರುಚಿ ಮುಚ್ಚಿದ ಸಣ್ಣ ಕೊಳವೆ. ನಾಲ್ಕೂವರೆಗೆ ತುದಿ ಸಡಿಲ. ಐದಕ್ಕೆ ನೋಡಿದರೆ ಬಾಯಿ ಅಗಲವಾಗಿ ತೆರೆದು, ಒಳಗೆ ಸುರುಳಿ ಸುತ್ತಿಕೊಂಡಿದ್ದ ಕೇಸರಗಳು ನೆಟ್ಟಗಾಗಿ ಹೊರಗೆ ಚಾಚಿರುತ್ತವೆ. ಮಳೆಗಾಲದ ಮೋಡದ ದಿನ ಇನ್ನೂ ಬೇಗ. ಮೂಗು ಹತ್ತಿರ ತಂದರೆ ಮಲ್ಲಿಗೆಯ ಹಾಗೆ ಮೈಮೇಲೆ ಬರುವ ಪರಿಮಳವಲ್ಲ, ತೆಳುವಾಗಿ, ಸ್ವಲ್ಪ ಹಸಿರು ವಾಸನೆ ಸೇರಿದ ಸಿಹಿ. ಅದರಲ್ಲಿ ಮುಖ್ಯವಾಗಿ ಇರುವುದು ಓಸಿಮೀನ್ ಎಂಬ ವಸ್ತು. ಬೆಳಗಾಗುವಷ್ಟರಲ್ಲಿ ಹೂ ಮುದುಡಿ ಕೂತಿರುತ್ತದೆ. ಒಂದು ರಾತ್ರಿಯ ಹೂ. ನಾವು ಎಸಳು ಎಂದುಕೊಳ್ಳುವ ಭಾಗ ನಿಜವಾಗಿ ಎಸಳೂ ಅಲ್ಲ, ಬಣ್ಣ ಬಂದ ಪುಷ್ಪಪಾತ್ರೆ, ಅಂದರೆ ಬೇರೆ ಹೂಗಳಲ್ಲಿ ಎಸಳಿನ ಕೆಳಗೆ ಹಸಿರಾಗಿರುವ ಬಟ್ಟಲು.

ಆ ಉದ್ದ ಕೊಳವೆಯ ತಳದಲ್ಲಿ ಮಕರಂದ ಇರುತ್ತದೆ. ಅಲ್ಲಿಗೆ ಮುಟ್ಟಬೇಕಾದರೆ ಉದ್ದ ನಾಲಿಗೆ ಬೇಕು. ಹಾಕ್ ಮಾತ್ ಎಂಬ ದಪ್ಪ ಮೈಯ ಪತಂಗಗಳಿಗೆ ಅದಿದೆ. ಅವು ಹೂವಿನ ಮೇಲೆ ಕೂರುವುದಿಲ್ಲ, ಎದುರು ಗಾಳಿಯಲ್ಲೇ ನಿಂತು ಹೀರುತ್ತವೆ. 1862ರಲ್ಲಿ ಡಾರ್ವಿನ್ ಮಡಗಾಸ್ಕರಿನ ಒಂದು ಬಿಳಿ ಆರ್ಕಿಡ್ ನೋಡಿ, ಸುಮಾರು ಒಂದು ಅಡಿ ಉದ್ದದ ಅದರ ಮಕರಂದದ ಕೊಳವೆಗೆ ತಕ್ಕ ನಾಲಿಗೆಯ ಪತಂಗ ಇದ್ದೇ ಇರಬೇಕು ಎಂದಿದ್ದ. 1903ರಲ್ಲಿ ಅಂಥ ಪತಂಗವನ್ನು ಗುರುತಿಸಿ ಹೆಸರಿಟ್ಟರು. ಅದೂ ರಾತ್ರಿ ಪರಿಮಳ ಬಿಡುವ ಹೂವೇ. ಮುಲುಂಡಿನ ಪಶ್ಚಿಮಕ್ಕೆ ನ್ಯಾಷನಲ್ ಪಾರ್ಕಿನ ಗುಡ್ಡ ಹತ್ತಿರ ಇರುವುದರಿಂದ ನಮ್ಮ ಕಡೆ ಇಂಥ ಪತಂಗಗಳು ಆಗಾಗ ಬರುತ್ತವೆ. ಹಸಿರು ಬಣ್ಣದ, ಮಿಲಿಟರಿ ಬಟ್ಟೆಯ ಚಿತ್ತಾರದ್ದು ಒಂದಿದೆ. ಅದರ ಹುಳು ಕಣಗಿಲೆ, ನಂದಿಬಟ್ಟಲಿನ ಎಲೆ ತಿಂದು ಬೆಳೆಯುತ್ತದೆ. ಸೊಸೈಟಿಯ ಮಾಲಿ ಅದನ್ನು ಕಂಡಲ್ಲೇ ಕೊಲ್ಲುತ್ತಾನೆ. ಬೇಡ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾನೆ.

ಇಷ್ಟೆಲ್ಲ ಗಿಡದ ಕಡೆಯ ಮಾತು. ಗಾಳಿಯದ್ದೂ ಒಂದು ಪಾಲು ಇದೆ. ಹಗಲು ನೆಲ ಕಾದು ಗಾಳಿ ಮೇಲೇಳುತ್ತಾ ಇರುತ್ತದೆ. ಜೊತೆಗೆ ಮುಂಬೈಗೆ ಮಧ್ಯಾಹ್ನದ ಕಡಲಗಾಳಿ. ಹೂ ಬಿಟ್ಟದ್ದೆಲ್ಲ ಆಗಲೇ ಚೆಲ್ಲಾಪಿಲ್ಲಿ. ಸೂರ್ಯ ಮುಳುಗಿದ ಮೇಲೆ ಗಾಳಿ ತಗ್ಗುತ್ತದೆ. ನೆಲ ತಣ್ಣಗಾಗಿ ಅದರ ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ಪರಿಮಳ ಅದರಲ್ಲೇ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಇದು ಜಾಸ್ತಿ. ಎಲ್ಲೋ ಕಸ ಸುಟ್ಟ ಹೊಗೆ ಸಂಜೆ ಹೊತ್ತು ಮನೆಯೊಳಗೆ ನುಗ್ಗಿ ಹೋಗಲೊಲ್ಲದು ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ನಮ್ಮ ಮೂಗು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 37 ಹದಿಹರೆಯದ ಮಕ್ಕಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ವಾಸನೆ ಹಿಡಿಯುವ ಶಕ್ತಿ ದಿನದ ಎಲ್ಲ ಹೊತ್ತೂ ಒಂದೇ ಥರ ಇರಲಿಲ್ಲ. ಸರಾಸರಿ ನೋಡಿದರೆ ರಾತ್ರಿ ಒಂಬತ್ತರ ಸುಮಾರಿಗೆ ಅದು ಚುರುಕು. ಬೆಳಗಿನ ಜಾವದಿಂದ ಬೆಳಿಗ್ಗೆಯವರೆಗೆ ಮಂದ. ಸಣ್ಣ ಅಧ್ಯಯನ, ಅದೂ ಮಕ್ಕಳದ್ದು. ಆದರೂ ನನಗೆ ಇದು ಬಹಳ ಹಿಡಿಸಿತು. ಹೂವಿನ ಗಡಿಯಾರ ಪತಂಗಕ್ಕೆ ಹೊಂದಿಕೊಂಡದ್ದು. ನಮ್ಮ ಗಡಿಯಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಗಾಳಿ ನಿಂತ ಹೊತ್ತು, ಹೂ ಬಿರಿದ ಹೊತ್ತು, ಮೂಗು ಚುರುಕಾದ ಹೊತ್ತು ಮೂರೂ ಒಂದೇ ಕಡೆ ಬಂದು ಕೂಡುತ್ತವೆ. ಪತಂಗಕ್ಕೆ ಇಟ್ಟ ಊಟದಲ್ಲಿ ನಮಗೆ ಪುಕ್ಕಟೆ ಪಾಲು.

ಪುಕ್ಕಟೆ ಪಾಲು ಎಲ್ಲರಿಗೂ ಬೇಕಾಗಿರುವುದಿಲ್ಲ. ನಮ್ಮ ಸೊಸೈಟಿಯ ಗೇಟಿನ ಹತ್ತಿರ ಒಂದು ಸಪ್ತಪರ್ಣಿ ಮರ ಇದೆ. ಮರಾಠಿಯಲ್ಲಿ ಸಾತ್ವಿಣ್, ನಮ್ಮ ತುಳುವಿನಲ್ಲಿ ಪಾಲೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ಸೆಕೆಯ ಹೊತ್ತಿಗೆ, ಹಸಿರು ಬೆರೆತ ಬಿಳಿಯ ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಬರುತ್ತವೆ. ಹಗಲು ಅದರ ಕೆಳಗೇ ನಿಂತು ರಿಕ್ಷಾಕ್ಕೆ ಕಾದರೂ ಏನೂ ಅನಿಸುವುದಿಲ್ಲ. ಸಂಜೆ ಏಳರ ನಂತರ ಅದು ಬೇರೆಯೇ ಮರ. ಗೊಂಚಲುಗಳು ಸರಿಯಾಗಿ ಮೂರನೇ ಮಹಡಿಯ ಕಿಟಕಿಗಳ ಎತ್ತರದಲ್ಲಿವೆ. ಆ ಮಹಡಿಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತು ತಲೆನೋವು, ವಾಕರಿಕೆ, ಮರ ಕಡಿಸಿ ಎಂದರು. ಇನ್ನಿಬ್ಬರು ದನಿಗೂಡಿಸಿದರು.

ಕಾಕು ಹೇಳಿದ್ದು ಸುಳ್ಳಲ್ಲ. ಪರಿಮಳ ಎಷ್ಟು ಎಂಬುದರ ಮೇಲೆ ಅದು ಪರಿಮಳವೋ ನಾತವೋ ಎಂದು ತೀರ್ಮಾನವಾಗುತ್ತದೆ. ನಾವು ದೇವರಿಗೆ ಮುಡಿಸುವ ಮಲ್ಲಿಗೆಯಲ್ಲೇ ಇಂಡೋಲ್ ಎಂಬ ವಸ್ತು ಇದೆ. ಅದೇ ಇಂಡೋಲ್ ಮಲದಲ್ಲೂ ಇದೆ. ತುಸು ಇದ್ದರೆ ಮಲ್ಲಿಗೆಗೆ ಆ ಮತ್ತು ಬರಿಸುವ ಗುಣ, ಜಾಸ್ತಿಯಾದರೆ ಹೊಟ್ಟೆ ತೊಳಸುತ್ತದೆ. ಮುಚ್ಚಿದ ಕಾರಿನಲ್ಲಿ ಒಂದು ಅಟ್ಟೆ ಮಲ್ಲಿಗೆ ಇಟ್ಟುಕೊಂಡು ಮದುವೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಮರದ ವಿಷಯ ಹೇಳಿದೆ.

"ಪಾಲೆ ಮರ ಕಡಿಯೋದಾ? ಆಟಿ ಅಮಾವಾಸ್ಯೆಗೆ ಮತ್ತೆ ಏನು ಕುಡೀತೀರಿ, ಚಾ ಕುಡೀತೀರಾ?" ಎಂದರು.

ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ಇದರ ತೊಗಟೆ ತೆಗೆದು ಕಷಾಯ ಮಾಡುತ್ತಾರೆ. ಕಹಿ ಎಂದರೆ ಅಂಥಿಂಥ ಕಹಿಯಲ್ಲ. ಮುಂಬೈಯ ತುಳುವರು ಇವತ್ತಿಗೂ ಈ ಮರ ಹುಡುಕಿಕೊಂಡು ಹೋಗುತ್ತಾರೆ. ಶಾಂತಿನಿಕೇತನದ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದದ್ದೂ ಇದೇ ಮರದ ಎಲೆ. ಇದನ್ನೆಲ್ಲ ಮೀಟಿಂಗಿನಲ್ಲಿ ಹೇಳಲು ಹೋಗಲಿಲ್ಲ. ತಲೆ ಹಿಡಿದುಕೊಂಡು ಕೂತವರ ಎದುರು ಸಂಸ್ಕೃತಿಯ ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೆಲಸಕ್ಕೆ ಬಂದದ್ದು ಸೆಕ್ರೆಟರಿಯ ಒಂದೇ ಮಾತು. ಮಹಾರಾಷ್ಟ್ರದಲ್ಲಿ 1975ರಿಂದ ಮರಗಳಿಗೆ ಕಾನೂನಿನ ರಕ್ಷಣೆ ಇದೆ, ನಗರಪಾಲಿಕೆಯ ಅನುಮತಿ ಇಲ್ಲದೆ ಕೊಡಲಿ ಎತ್ತುವಂತಿಲ್ಲ. ಕಾಕು ಈಗ ಆ ಒಂದು ತಿಂಗಳು ಸಂಜೆ ಆರೂವರೆಗೇ ಆ ಕಡೆಯ ಕಿಟಕಿ ಮುಚ್ಚುತ್ತಾರೆ. ಅದೇ ಮಹಡಿಯ ಶೆಟ್ರು ಹೋಟೆಲ್ ಮುಚ್ಚಿ ಹನ್ನೊಂದೂವರೆಗೆ ಬಂದು ಕಿಟಕಿ ಪೂರ್ತಿ ತೆರೆಯುತ್ತಾರೆ. "ದಿನವಿಡೀ ಎಣ್ಣೆ ವಾಸನೆ ಮಾರಾಯ್ರೆ, ಇದೊಂದಾದ್ರೂ ಇರ್ಲಿ" ಎಂಬುದು ಅವರ ವಾದ.

ಈ ಗಲಾಟೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ, ಪತಂಗದ್ದು. ನಮ್ಮ ಗೇಟಿನಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಎಲ್‌ಬಿಎಸ್ ರಸ್ತೆ. ಸಂಜೆ ಏಳಕ್ಕೆ ಅಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಗಾಡಿಯ ಹೊಗೆಯಲ್ಲಿ ಬರುವ ನೈಟ್ರೋಜನ್ ಆಕ್ಸೈಡುಗಳು ಓಝೋನ್ ಜೊತೆ ಸೇರಿ ನೈಟ್ರೇಟ್ ರ‍್ಯಾಡಿಕಲ್ ಎಂಬುದು ಹುಟ್ಟುತ್ತದೆ. ಹಗಲು ಬಿಸಿಲಿಗೆ ಅದು ಒಡೆದುಹೋಗುತ್ತದೆ. ರಾತ್ರಿ ಉಳಿಯುತ್ತದೆ, ಹೂವಿನ ಪರಿಮಳದ ಕೆಲವು ಅಣುಗಳನ್ನು ತಿಂದುಹಾಕುತ್ತದೆ. 2024ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ರಾಜ್ಯದ ಒಣ ಬಯಲಿನಲ್ಲಿ ಬೆಳೆಯುವ ಬಿಳಿ ಹೂವಿನ ಈವ್ನಿಂಗ್ ಪ್ರಿಮ್‌ರೋಸ್ ಮೇಲೆ ಇದನ್ನು ಪರೀಕ್ಷಿಸಿದರು. ಹೀಗೆ ಕೆಟ್ಟ ಪರಿಮಳಕ್ಕೆ ಬಂದ ಹಾಕ್ ಮಾತ್‌ಗಳ ಸಂಖ್ಯೆ ಸುಮಾರು 70% ಕಡಿಮೆ. ಬಾಲ್ಕನಿಯಲ್ಲಿ ಕೂತ ನಮಗೆ ಎರಡು ಮಾರು ದೂರದ ಪರಿಮಳ ಮುಟ್ಟಿದರೆ ಸಾಕು. ಗುಡ್ಡದಿಂದ ಬರಬೇಕಾದ ಪತಂಗಕ್ಕೆ ಅದು ಸಾಲುವುದಿಲ್ಲ. ನಾವು ಆಹಾ ಎನ್ನುತ್ತಿರುವಾಗಲೂ ಅದು ದಾರಿ ಸಿಗದೆ ಎಲ್ಲೋ ಸುತ್ತುತ್ತಿರಬಹುದು.

ಅದರ ಮೇಲೆ ನಮ್ಮ ಕಮಿಟಿಯವರು ತೋಟಕ್ಕೆ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಿದ್ದಾರೆ, ರಾತ್ರಿಯಿಡೀ ಉರಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಲ್ಲುಗಾವಲಿನ ಹೂಗಳ ಮೇಲೆ ಬೀದಿದೀಪ ಹಾಕಿ ನೋಡಿದ್ದರು, ರಾತ್ರಿ ಕೀಟಗಳು ಹೂವಿಗೆ ಬರುವುದು 62% ಕಡಿಮೆಯಾಯಿತು. 2017ರ ಅಧ್ಯಯನ ಅದು. ಈ ಅಂಕಿಯನ್ನು ನಾನು ಮೀಟಿಂಗಿನಲ್ಲಿ ಹೇಳಿದೆ. ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ. ಲೈಟ್ ಬಿಲ್ ಎಷ್ಟು ಉಳಿಯುತ್ತದೆ ಎಂದು ಹೇಳಿದೆ, ಆಗ ಹತ್ತು ಗಂಟೆಗೆ ಆರುವ ಟೈಮರ್ ಮಂಜೂರಾಯಿತು.

ಬಾಲ್ಕನಿಯಲ್ಲಿ ಸಂಜೆಯ ಪರಿಮಳ ಬೇಕು ಎನ್ನುವವರಿಗೆ ನನ್ನ ಅಭಿಪ್ರಾಯ ಇಷ್ಟು. ರಾತ್ರಿರಾಣಿ ಅಂಗಳ ಇರುವ ಮನೆಯ ಗಿಡ, ಫ್ಲಾಟಿನ ಬೆಡ್‌ರೂಮ್ ಕಿಟಕಿಗೆ ಅದು ಬೇಡ. ಇಡಲೇಬೇಕೆಂದರೆ ಹಾಲ್‌ನ ಆಚೆ ತುದಿಗೆ. ಬ್ರಹ್ಮಕಮಲಕ್ಕೆ ನೆರಳು, ಸ್ವಲ್ಪ ಜಾಗ, ಬಹಳ ತಾಳ್ಮೆ ಬೇಕು. ದುಂಡುಮಲ್ಲಿಗೆಗೆ ನೇರ ಬಿಸಿಲು ಇಲ್ಲದಿದ್ದರೆ ಬರೀ ಎಲೆ ಬರುತ್ತದೆ, ಬೈದು ಪ್ರಯೋಜನ ಇಲ್ಲ. ಇದ್ಯಾವುದೂ ಆಗದಿದ್ದರೆ ಸಂಜೆಮಲ್ಲಿಗೆ. ನರ್ಸರಿಗೆ ದುಡ್ಡು ಕೊಡಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದಾದರೂ ಹಳೇ ಚಾಳಿನ ಗೋಡೆ ಪಕ್ಕ ನೋಡಿ, ಗಿಡದ ಬುಡದಲ್ಲೇ ಕಪ್ಪು ಬೀಜ ಉದುರಿರುತ್ತದೆ. ಒಂದು ಬೀಜ ಒಂದು ಡಬ್ಬಿಗೆ ಸಾಕು, ಎರಡು ಹಾಕಿದರೆ ಒಂದನ್ನೊಂದು ಬೆಳೆಯಗೊಡುವುದಿಲ್ಲ. ತಳಕ್ಕೆ ತೂತು ಕೊರೆಯುವುದನ್ನು ಮರೆಯಬೇಡಿ.